ಬಡತನದ ಬಾಲ್ಯ ಮತ್ತು ಬದುಕಿನ ಜಾಣ್ಮೆ: ನಮ್ಮ ಓದಿನ ಕ್ರಮ

ಆತ್ಮಕಥನಗಳನ್ನೂ ಮೌಖಿಕ ಜೀವನಕಥನಗಳನ್ನೂ ಕುರಿತ ನಮ್ಮ ಸಂಶೋಧನೆಯು ಬಡತನದ ಬಾಲ್ಯವನ್ನು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಓದುತ್ತ ಬಂದಿದೆ. ಹಸಿವು, ಅವಮಾನ, ಅಕ್ಷರವಂಚನೆಗಳ ದಾಖಲೆಯಾಗಿ ಅದನ್ನು ಕಾಣುವುದು ಒಂದು ಬಗೆ. ಶಾಲೆ ಕಲಿಸದ ‘ದೇಸಿ ಜ್ಞಾನ’ದ ಆಕರವೆಂದು ಕೊಂಡಾಡುವುದು ಇನ್ನೊಂದು. ಮೊದಲನೆಯದರಲ್ಲಿ ವ್ಯಕ್ತಿಯ ಜಾಣ್ಮೆ ಮರೆಯಾಗುತ್ತದೆ. ಎರಡನೆಯದರಲ್ಲಿ ಆ ಜಾಣ್ಮೆಗೆ ತೆತ್ತ ಬೆಲೆ ಮರೆಯಾಗುತ್ತದೆ. ಇವೆರಡನ್ನೂ ಒಟ್ಟಿಗೆ ಗ್ರಹಿಸುವ ಓದು ಇಂದು ಅಗತ್ಯವಾಗಿದೆ.

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ ಅವರ ಬದುಕನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಹಾಲಕ್ಕಿ ಒಕ್ಕಲಿಗ ಸಮುದಾಯದ ಇವರು ಎಳವೆಯಲ್ಲಿಯೇ ತಂದೆಯನ್ನು ಕಳೆದುಕೊಂಡು, ಶಾಲೆಯ ಮೆಟ್ಟಿಲನ್ನೂ ಹತ್ತದೆ, ತಾಯಿಯೊಡನೆ ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಗೆ ನಿಂತವರು. ಬೀಜಕ್ಕೆ ತಕ್ಕ ತಾಯಿಮರ ಯಾವುದು, ಬೀಜವನ್ನು ಯಾವಾಗ ಆಯ್ದು ಹೇಗೆ ಮೊಳೆಯಿಸಬೇಕು ಎಂಬ ಅವರ ತಿಳಿವಳಿಕೆಯನ್ನು ಅಧಿಕಾರಿಗಳೂ ವಿಜ್ಞಾನಿಗಳೂ ಮನ್ನಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. 2024ರ ಡಿಸೆಂಬರ್ 16ರಂದು ಅವರು ನಿಧನರಾದರು. ‘ಕಾಡಿನ ವಿಶ್ವಕೋಶ’ ಎಂಬ ಬಿರುದು ಈ ತಿಳಿವಳಿಕೆಯನ್ನು ಸೋಜಿಗವೆಂಬಂತೆ ನೋಡುತ್ತದೆ. ಆದರೆ ಅದು ಸೋಜಿಗವಲ್ಲ, ದಶಕಗಳ ದಿನಗೂಲಿ ದುಡಿಮೆಯಲ್ಲಿ ಕಣ್ಣು ಕೈಗಳು ಪಡೆದ ಶಿಸ್ತು. ಸೋಜಿಗದ ಭಾಷೆಯನ್ನು ಬಳಸಿದೊಡನೆ ದುಡಿಮೆಯೂ ಕೂಲಿಯ ಲೆಕ್ಕವೂ ಕಥನದಿಂದ ಹೊರಗುಳಿಯುತ್ತವೆ.

ಹಾಗೆಂದು ಬಡತನವನ್ನೇ ಗುರುವೆಂದು ಸಾರುವುದೂ ಸರಿಯಲ್ಲ. ಮಂಗಳೂರಿನಲ್ಲಿ ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬ ಅವರು ಶಾಲೆ ಕಲಿತವರಲ್ಲ. ವ್ಯಾಪಾರದ ಲೆಕ್ಕ ಅವರಿಗೆ ಕರತಲಾಮಲಕವಾಗಿತ್ತು. ವಿದೇಶೀಯರು ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟವೇ ನ್ಯೂಪಡ್ಪುವಿನ ಶಾಲೆಗೆ ಪ್ರೇರಣೆಯಾಯಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಶಾಲೆಯಿಲ್ಲದೆ ಬದುಕಿ ತೋರಿಸಿದ ವ್ಯಕ್ತಿ ‘ಶಾಲೆಯಿಲ್ಲದೆಯೂ ಬದುಕಬಹುದು’ ಎಂಬ ತೀರ್ಮಾನಕ್ಕೆ ಬರಲಿಲ್ಲ. ಊರ ಮಕ್ಕಳಿಗೆ ಶಾಲೆ ಕಟ್ಟಿಸಿದರು. ಅನಕ್ಷರಸ್ಥರ ಜಾಣ್ಮೆಯನ್ನು ಹೊಗಳುವ ಅಕ್ಷರಸ್ಥರು ಈ ಸಾಕ್ಷ್ಯವನ್ನು ಮೊದಲು ಎದುರಿಸಬೇಕು.

ಕೌಶಲದ ಮಿತಿಯನ್ನು ಕುರಿತು ಈಚಿನ ಅಧ್ಯಯನವೊಂದು ಉಪಯುಕ್ತವಾಗಿದೆ. ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ದೆಹಲಿ, ಕೋಲ್ಕತ್ತಗಳ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳನ್ನು ಕುರಿತು ನಡೆಸಿದ ಈ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಕ್ಲಿಷ್ಟವಾದ ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಬಿಡಿಸುವ ಈ ಮಕ್ಕಳು ಪಠ್ಯಪುಸ್ತಕದ ಮಾದರಿಯ ಸರಳ ಲೆಕ್ಕದಲ್ಲಿ ಎಡವಿದರು. ಶಾಲೆಯ ಮಕ್ಕಳ ಸ್ಥಿತಿ ಇದಕ್ಕೆ ತದ್ವಿರುದ್ಧವಾಗಿತ್ತು. ಅಂದರೆ ಒಂದೆಡೆಯ ಜಾಣ್ಮೆ ತಾನಾಗಿ ಇನ್ನೊಂದೆಡೆಗೆ ದಾಟುವುದಿಲ್ಲ. ಇದು ಮಕ್ಕಳ ದೋಷವಲ್ಲ, ಎರಡು ಲೋಕಗಳ ನಡುವೆ ಸೇತುವೆ ಕಟ್ಟದ ಶಿಕ್ಷಣದ ದೋಷ.

ಈ ಚರ್ಚೆ ವಿದ್ವತ್ತಿಗಷ್ಟೇ ಸೀಮಿತವಾದುದಲ್ಲ. 2010ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕಿನ ಕಾಯಿದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯನ್ನು ಹಕ್ಕಾಗಿಸಿತು. ಆದರೆ ಬಾಲಕಾರ್ಮಿಕ ಕಾಯಿದೆಯ 2016ರ ತಿದ್ದುಪಡಿ, ಶಾಲಾ ಅವಧಿಯ ನಂತರ ಮತ್ತು ರಜೆಯಲ್ಲಿ ಮಕ್ಕಳು ಕುಟುಂಬದ ಅಪಾಯಕಾರಿಯಲ್ಲದ ಕಸುಬಿನಲ್ಲಿ ನೆರವಾಗಲು ಅವಕಾಶ ನೀಡಿತು. ಕುಲಕಸುಬಿನ ಕಲಿಕೆಯೆಂಬ ಸಮರ್ಥನೆ ಇದರ ಬೆನ್ನಿಗಿತ್ತು. ನಾವು ಎಚ್ಚರವಿಲ್ಲದೆ ಬಳಸುವ ‘ಬದುಕೇ ಪಾಠಶಾಲೆ’ ಎಂಬ ಮಾತು ಎಲ್ಲಿಗೆ ಒದಗಬಹುದು ಎಂಬುದನ್ನು ಇದರಿಂದ ಊಹಿಸಬಹುದು. ಜಾತಿಯೂ ಕಸುಬೂ ಬೆಸೆದುಕೊಂಡ ಸಮಾಜದಲ್ಲಿ ಆ ಪಾಠಶಾಲೆಗೆ ಯಾರ ಮಕ್ಕಳು ದಾಖಲಾಗುತ್ತಾರೆ ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ.

ಸಾಹಿತ್ಯದ ಓದಿಗೂ ಈ ಮಾತು ಅನ್ವಯಿಸುತ್ತದೆ. ಸಿದ್ಧಲಿಂಗಯ್ಯನವರ ‘ಊರು ಕೇರಿ’ಯ ಹಾಸ್ಯವನ್ನು ಶೈಲಿಯ ಗುಣವೆಂದಷ್ಟೇ ವಿವೇಚಿಸಿದರೆ ಸಾಲದು. ಅವಮಾನದ ನಡುವೆ ಕುಗ್ಗದೆ ಉಳಿಯಲು ಕೇರಿಯ ಬದುಕು ರೂಢಿಸಿಕೊಂಡ ಕೌಶಲವಾಗಿಯೂ ಆ ನಗುವನ್ನು ಓದಬೇಕು. ಹಾಗೆಯೇ ಆ ನಗು ಕೃತಿಯಾಗಿ ನಮ್ಮ ಕೈಸೇರಿದ್ದು ಶಾಲೆ ಮತ್ತು ವಿದ್ಯಾರ್ಥಿನಿಲಯಗಳ ಮೂಲಕ ಎಂಬುದನ್ನು ಮರೆಯುವಂತಿಲ್ಲ. ಆತ್ಮಕಥೆ ಬರೆದವರು ಪಾರಾದವರು. ಅದೇ ಕೇರಿಯಲ್ಲಿ ಅದೇ ಜಾಣ್ಮೆಯಿದ್ದೂ ಪಾರಾಗದವರ ಕಥನ ನಮ್ಮ ಆಕರಗಳಲ್ಲಿ ಇಲ್ಲ.

ಆದ್ದರಿಂದ ಕ್ಷೇತ್ರಕಾರ್ಯದ ನಮ್ಮ ಪ್ರಶ್ನಾವಳಿ ಬದಲಾಗಬೇಕು. ‘ಏನೇನು ಕಷ್ಟಪಟ್ಟಿರಿ?’ ಎಂದು ಕೇಳಿ ನಿಲ್ಲದೆ, ‘ಏನು ಕಲಿತಿರಿ, ಯಾರಿಂದ ಕಲಿತಿರಿ, ಅದಕ್ಕಾಗಿ ಏನನ್ನು ಬಿಟ್ಟುಕೊಡಬೇಕಾಯಿತು, ನಿಮ್ಮ ಮಕ್ಕಳೂ ಹಾಗೆಯೇ ಕಲಿಯಲೆಂದು ಬಯಸುತ್ತೀರಾ?’ ಎಂದೂ ಕೇಳಬೇಕು. ಕೊನೆಯ ಪ್ರಶ್ನೆಯ ಉತ್ತರವನ್ನು ಹೇಳಿದಂತೆಯೇ ದಾಖಲಿಸಬೇಕು. ನಮ್ಮ ತರಗತಿಗಳಲ್ಲಿರುವ ಮೊದಲ ತಲೆಮಾರಿನ ವಿದ್ಯಾರ್ಥಿಗಳಲ್ಲಿ ಹಲವರು ರಜೆಯಲ್ಲಿ ಕೂಲಿ ಮಾಡಿ ಶುಲ್ಕ ಹೊಂದಿಸಿದವರು. ಈ ಪ್ರಶ್ನೆಗಳನ್ನು ರೂಪಿಸುವ ಕೆಲಸವನ್ನು ಅವರೊಡನೆ ಕೂಡಿಯೇ ಆರಂಭಿಸಬಹುದು.