ಮಾದ ಗಾಯ, ಮಾಯದ ನೋವು

ಮೈಸೂರು ರಸ್ತೆಯ ದೀಪಾಂಜಲಿ ನಗರದಂಥ ಬಡಾವಣೆಯಲ್ಲಿ ಗೃಹಿಣಿಯ ಕೈಗಳಿಗೆ ಬಿಡುವೆಂಬುದಿಲ್ಲ. ಅಟ್ಟದ ಮೇಲಿನ ಡಬ್ಬಿಯನ್ನಿಳಿಸಬೇಕು, ಒಗೆದ ಬಟ್ಟೆಯನ್ನು ತಂತಿಗೆ ಹರವಬೇಕು, ಶಾಲೆಗೆ ಹೊರಟ ಮಗಳ ಜಡೆ ಹೆಣೆಯಬೇಕು. 2015ರ ನವೆಂಬರಿನಲ್ಲಿ ಅಲ್ಲಿಗೆ ಮೆಟ್ರೋ ರೈಲು ಬಂದ ಮೇಲೆ, ಜನಸಂದಣಿಯಲ್ಲಿ ನಿಂತು ತಲೆಯ ಮೇಲಿನ ಹಿಡಿಕೆಯನ್ನು ಹಿಡಿಯುವ ಕೆಲಸವೂ ಸೇರಿಕೊಂಡಿತು. ಸ್ತನದ ಕ್ಯಾನ್ಸರಿಗೆ ಶಸ್ತ್ರಕ್ರಿಯೆ ಮಾಡಿಸಿಕೊಂಡ ಹೆಂಗಸಿಗೆ ಇಂಥ ಸಣ್ಣ ಕೆಲಸಗಳೇ ದೊಡ್ಡ ಪರೀಕ್ಷೆಯಾಗುವುದುಂಟು. ಗಡ್ಡೆ ಹೋಗಿದೆ, ಗಾಯ ಮಾದಿದೆ, ಹೊಲಿಗೆ ಬಿಚ್ಚಿ ತಿಂಗಳುಗಳೇ ಕಳೆದಿವೆ. ಆದರೂ ಕೈಯೆತ್ತಿದೊಡನೆ ಕಂಕುಳಲ್ಲಿ ಕಾದ ತಂತಿಯನ್ನೆಳೆದಂಥ ಉರಿ. “ಎಲ್ಲ ವಾಸಿಯಾಯಿತಲ್ಲ” ಎಂದು ಮನೆಯವರು ನೆಮ್ಮದಿಯಿಂದಿರುವಾಗ, “ಇನ್ನೂ ನೋಯುತ್ತಿದೆ” ಎನ್ನಲು ಆಕೆಗೆ ಸಂಕೋಚ.

ಈ ನೋವು ಮನಸ್ಸಿನ ಭ್ರಮೆಯಲ್ಲ, ಅಪರೂಪವೂ ಅಲ್ಲ. ಶಸ್ತ್ರಕ್ರಿಯೆಯಾಗಿ ಎರಡು ಮೂರು ವರ್ಷ ಕಳೆದಿದ್ದ ಡೆನ್ಮಾರ್ಕಿನ 3,253 ಸ್ತ್ರೀಯರ ಉತ್ತರಗಳು 2009ರಲ್ಲಿ ಪ್ರಕಟವಾದಾಗ, ನೂರಕ್ಕೆ 47 ಮಂದಿ ತಮಗೆ ನೋವು ಉಳಿದಿದೆಯೆಂದು ತಿಳಿಸಿದ್ದರು. ನಲವತ್ತರೊಳಗಿನ ವಯಸ್ಸಿನವರಲ್ಲೂ ಕಂಕುಳಿನ ಗ್ರಂಥಿಗಳನ್ನು ಪೂರ್ತಿ ತೆಗೆಸಿಕೊಂಡವರಲ್ಲೂ ಇದು ಹೆಚ್ಚಾಗಿತ್ತು.

ಕಾರಣ ಬಹುಮಟ್ಟಿಗೆ ನರಗಳಲ್ಲಿದೆ. ಪಕ್ಕೆಲುಬುಗಳ ನಡುವಿನಿಂದ ಹೊರಟು, ಕಂಕುಳನ್ನು ಹಾದು ತೋಳಿನ ಒಳಮೈ ಚರ್ಮವನ್ನು ಸೇರುವ ತೆಳುವಾದ ನರವೊಂದುಂಟು. ಗ್ರಂಥಿಗಳನ್ನು ತೆಗೆಯುವಾಗ ಅದು ಎಳೆಯಲ್ಪಡಬಹುದು, ತುಂಡಾಗಲೂಬಹುದು. ಘಾಸಿಗೊಂಡ ನರವು ಗಾಯ ಮಾದ ಮೇಲೂ ಸುಳ್ಳುಸುದ್ದಿಯನ್ನು ಕಳುಹಿಸುತ್ತಿರುತ್ತದೆ. ಬೆನ್ನುಹುರಿಯೂ ಅದಕ್ಕೆ ಪಳಗಿ, ಕಳ್ಳ ಹೋದ ಮೇಲೂ ಬೊಗಳುವ ನಾಯಿಯಂತೆ, ಸೆರಗಿನ ಸೋಂಕನ್ನೂ ನೋವೆಂದೇ ಸಾರುತ್ತದೆ.

ನಿದ್ರೆ ಬರಿಸುವ ಅರಿವಳಿಕೆಯು ರೋಗಿಯನ್ನು ಮಲಗಿಸುತ್ತದೆಯೇ ಹೊರತು, ಕತ್ತಿಯ ಸುದ್ದಿ ಬೆನ್ನುಹುರಿಗೆ ಮುಟ್ಟುವುದನ್ನು ಪೂರ್ತಿ ತಡೆಯುವುದಿಲ್ಲ. ಹಾಗಾದರೆ ಆ ಸುದ್ದಿಯನ್ನು ಬಾಗಿಲಲ್ಲೇ ತಡೆದರೆ, ಮುಂದಿನ ನೋವೂ ತಪ್ಪೀತೆ? ಈ ಆಸೆಯಿಂದ ಹುಟ್ಟಿದುದೇ ನರಗಳನ್ನು ಮರಗಟ್ಟಿಸುವ ಚುಚ್ಚುಮದ್ದಿನ ಪ್ರಯೋಗ. ಬೆನ್ನೆಲುಬಿನ ಪಕ್ಕದಲ್ಲಿ ಮದ್ದು ಹಾಕುವ ವಿಧಾನವನ್ನು ಜರ್ಮನಿಯ ಹ್ಯೂಗೋ ಸೆಲ್‌ಹೈಮ್ 1905ರಲ್ಲೇ ತೋರಿಸಿದ್ದ. ನಡುವೆ ಮೂಲೆಗೆ ಬಿದ್ದಿದ್ದ ಅದು 1979ರ ಬಳಿಕ ಮತ್ತೆ ಬಳಕೆಗೆ ಬಂದಿತು. ಎದೆಯ ಸ್ನಾಯುಗಳ ನಡುವೆ ಮದ್ದು ಹರಿಸುವ ಕ್ರಮವನ್ನು ರಫಾಯೆಲ್ ಬ್ಲಾಂಕೋ 2011ರಲ್ಲಿ ವರ್ಣಿಸಿದ. ಗರ್ಭಿಣಿಯರಿಗೆ ಪರಿಚಿತವಾದ ಸ್ಕ್ಯಾನಿಂಗ್ ಯಂತ್ರದ ನೆರವಿನಿಂದ ಈಗ ವೈದ್ಯರು ಸೂಜಿಯ ಮೊನೆಯನ್ನು ಕಣ್ಣಾರೆ ಕಾಣುತ್ತ ಈ ಕೆಲಸವನ್ನು ಮಾಡುತ್ತಾರೆ.

ಫಲವೇನು? ಅನೇಕ ಸಣ್ಣ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಮರ್ಶೆಯೊಂದು, ಇಂಥ ಅರಿವಳಿಕೆ ಪಡೆದ ಸುಮಾರು ಏಳು ಮಂದಿಯಲ್ಲಿ ಒಬ್ಬಳಿಗೆ ದೀರ್ಘಕಾಲದ ನೋವು ತಪ್ಪಬಹುದೆಂದು ಲೆಕ್ಕ ಹಾಕಿತು. ಆಧಾರಗಳು ಬಲವಾದುವಲ್ಲವೆಂದೂ ಎಚ್ಚರಿಸಿತು. ಮರುವರ್ಷ, ಹಲವು ದೇಶಗಳ ಎರಡು ಸಾವಿರಕ್ಕೂ ಮಿಕ್ಕ ಸ್ತ್ರೀಯರ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ ಬಂದಿತು. ಬೆನ್ನೆಲುಬಿನ ಪಕ್ಕದ ಚುಚ್ಚುಮದ್ದು ಪಡೆದವರಲ್ಲೂ ಪಡೆಯದವರಲ್ಲೂ ಆರು ತಿಂಗಳಿಗೆ ನೂರಕ್ಕೆ 52 ಮಂದಿಗೆ ಗಾಯದ ಜಾಗದಲ್ಲಿ ನೋವಿತ್ತು. ವರ್ಷ ತುಂಬಿದಾಗ ಕ್ರಮವಾಗಿ 28 ಮತ್ತು 27 ಮಂದಿಗೆ. ಕ್ಯಾನ್ಸರ್ ಮರುಕಳಿಸುವುದೂ ಅದರಿಂದ ಕಡಿಮೆಯಾಗಲಿಲ್ಲ.

ಹಾಗೆಂದು ಈ ವಿಧಾನವನ್ನು ತಳ್ಳಿಹಾಕಬೇಕಾಗಿಲ್ಲ. ಶಸ್ತ್ರಕ್ರಿಯೆಯ ಮೊದಲ ದಿನದ ನೋವನ್ನು ಅದು ನಿಜವಾಗಿ ತಗ್ಗಿಸುತ್ತದೆ. ಅಫೀಮಿನ ಜಾತಿಯ ಮದ್ದುಗಳ ಅಗತ್ಯವೂ ಅದರಿಂದ ಕಡಿಮೆಯಾಗುತ್ತದೆ. ಶ್ವಾಸಕೋಶಕ್ಕೆ ಸೂಜಿ ತಗಲುವಂಥ ಅಪಾಯಗಳು ವಿರಳ. ವರ್ಷಗಟ್ಟಲೆಯ ನೋವಿನಿಂದ ಬಿಡುಗಡೆ ಖಂಡಿತವೆಂದು ಯಾರಾದರೂ ಮಾತು ಕೊಟ್ಟರೆ ಮಾತ್ರ, ಅದು ಶಾಸ್ತ್ರವು ಕೊಡದ ಮಾತು.

ಆದ್ದರಿಂದ ಶಸ್ತ್ರಕ್ರಿಯೆಗೆ ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಎರಡು. ಅರಿವಳಿಕೆಯ ವೈದ್ಯರಿಗೆ: ಈ ಚುಚ್ಚುಮದ್ದು ನನಗೆ ಒಪ್ಪುವುದೆ? ಶಸ್ತ್ರವೈದ್ಯರಿಗೆ: ಕಂಕುಳಿನ ಗ್ರಂಥಿಗಳನ್ನೆಲ್ಲ ತೆಗೆಯಲೇಬೇಕೆ, ಇಲ್ಲವೆ ಮೊದಲ ಒಂದೆರಡನ್ನು ಪರೀಕ್ಷಿಸಿ ಉಳಿದುವನ್ನು ಬಿಡಬಹುದೆ? ರೋಗವು ಕಂಕುಳಿಗೆ ಹಬ್ಬಿಲ್ಲದ ಅನೇಕರಲ್ಲಿ ಹಾಗೆ ಬಿಡುವುದು ಸಾಧ್ಯ. ನರಕ್ಕೆ ತಗಲುವ ಪೆಟ್ಟೂ ಆಗ ಕಡಿಮೆ.

ಮೂರು ತಿಂಗಳು ಕಳೆದೂ ನೋವು ನಿಂತಿಲ್ಲವಾದರೆ ಅದನ್ನು ಹಣೆಬರಹವೆಂದು ಸಹಿಸುವುದು ತರವಲ್ಲ. ನರದ ನೋವಿಗೆಂದೇ ಬೇರೆ ಮದ್ದುಗಳಿವೆ. ಬಿಗಿದ ತೋಳನ್ನು ಸಡಿಲಿಸುವ ವ್ಯಾಯಾಮಗಳಿವೆ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಂಥ ಕಡೆಗಳಲ್ಲಿ ನೋವಿನ ಶಮನಕ್ಕೆಂದೇ ವೈದ್ಯರಿದ್ದಾರೆ. ಆದರೆ ಹೇಳದ ನೋವಿಗೆ ಯಾವ ವೈದ್ಯನೂ ಮದ್ದು ಕೊಡಲಾರ. ಮನೆಯಾಕೆಗೆ ಹೇಳಲು ಸಂಕೋಚವಾದರೆ ಮೊದಲು ಕೇಳುವ ಹೊಣೆ ಗಂಡನದು, ಮಕ್ಕಳದು.