ನೀರಿನ ರಾಜಧಾನಿ, ಸೀಸದ ಪೈಪು

ಹಾಸ್ಟೆಲಿನ ನಲ್ಲಿ ಮುಂದೆ ಬಕೆಟ್ ಹಿಡಿದು ನಿಂತವರಿಗೆ ನೀರು ಅಂದರೇನು ಅಂತ ಯಾರೂ ಪಾಠ ಹೇಳಬೇಕಾಗಿಲ್ಲ. ಆದರೆ ನೀರನ್ನೇ ವಿದ್ಯೆ ಮಾಡಿಕೊಂಡ, ನೀರನ್ನೇ ಉದ್ದಿಮೆ ಮಾಡಿಕೊಂಡ ಊರೊಂದಿದೆ: ಅಮೆರಿಕದ ಮಿಲ್ವಾಕಿ. ಅದರ ಕತೆ ನಮಗೆ ಬೇಕಾದದ್ದೇ.

ಮಿಷಿಗನ್ ಸರೋವರದ ದಡದ ಈ ಊರಿಗೆ ಸಿಹಿನೀರು ಬೇಕಾದಷ್ಟು. ಅದನ್ನೇ ನಂಬಿ ಬಿಯರ್ ಕಾರ್ಖಾನೆ, ತೊಗಲು ಹದ ಮಾಡುವ ಕಾರ್ಖಾನೆಗಳು ಎದ್ದವು. ನೀರಿನ ಮೀಟರು, ಹೀಟರು ಮಾಡುವ ಕಂಪನಿಗಳು ಬೆಳೆದವು. 1993ರಲ್ಲಿ ನಲ್ಲಿ ನೀರಿಗೆ ಕ್ರಿಪ್ಟೋಸ್ಪೊರಿಡಿಯಂ ಎಂಬ ರೋಗಾಣು ಸೇರಿ ಸುಮಾರು 4 ಲಕ್ಷ ಜನ ಭೇದಿ ಹಿಡಿದು ಮಲಗಿದರು. ಆಮೇಲೆ ಊರು ಎಚ್ಚೆತ್ತಿತು, ಓಜೋನ್ ಹಾಯಿಸಿ ನೀರು ಶುದ್ಧ ಮಾಡತೊಡಗಿತು. 2009ರಲ್ಲಿ ಅಲ್ಲಿನ ವಿಶ್ವವಿದ್ಯಾಲಯ ಸಿಹಿನೀರಿನ ವಿಜ್ಞಾನಕ್ಕೆಂದೇ ಒಂದು ವಿಭಾಗ ಕಟ್ಟಿತು. 2013ರಲ್ಲಿ ಹಳೆಯ ಗೋದಾಮೊಂದು 'ಗ್ಲೋಬಲ್ ವಾಟರ್ ಸೆಂಟರ್' ಆಯಿತು. ಕಂಪನಿಯೂ ಪ್ರೊಫೆಸರೂ ಒಂದೇ ಸೂರಿನಡಿ.

ಒಳ್ಳೇದೇ, ಯಾರು ಬೇಡ ಅಂತಾರೆ? ಆದರೆ ಆ ನೀರು ಯಾರ ಮನೆಗೆ ಹೇಗೆ ಬರುತ್ತೆ, ನೋಡೋಣ.

ಅದೇ ಊರಿನ ನೆಲದಡಿ, ಬೀದಿಯಿಂದ ಮನೆಗೆ ನೀರು ತರುವ ಸುಮಾರು 70 ಸಾವಿರ ಪೈಪುಗಳು ಸೀಸದವಾಗಿದ್ದವು. ಎಲ್ಲಾ 1951ಕ್ಕೂ ಹಿಂದಿನ ಹಳೇ ಮನೆಗಳವು. ಸೀಸ ಮಕ್ಕಳ ಮಿದುಳು ಕೆಡಿಸುತ್ತದೆ. ಇಷ್ಟಿದ್ದರೆ ಪರವಾಗಿಲ್ಲ ಅನ್ನೋ ಲೆಕ್ಕವೇ ಅದಕ್ಕಿಲ್ಲ. ಊರಿನ ಉತ್ತರಕ್ಕಿರುವ ಕಪ್ಪು ಬಡವರ ಕೇರಿಗಳಲ್ಲಿ ಇಂಥ ಮನೆಗಳು ದಂಡಿಯಾಗಿವೆ.

ಅವರು ಅಲ್ಲೇ ಯಾಕಿದ್ದಾರೆ? ಬಿಳಿಯರ ಬೀದಿಗಳಲ್ಲಿ ಅವರಿಗೆ ಮನೆ ಕೊಡುತ್ತಿರಲಿಲ್ಲ. ನಮಗೆ ಹೊಸ ಮಾತೇ ಇದು? 1967ರಲ್ಲಿ ಅಲ್ಲಿನ ಕಪ್ಪು ಯುವಕರು, ಜೇಮ್ಸ್ ಗ್ರೋಪಿ ಎಂಬ ಬಿಳಿಯ ಪಾದ್ರಿಯ ಜೊತೆಗೂಡಿ, ಮನೆಯ ಹಕ್ಕಿಗಾಗಿ ಸತತ 200 ರಾತ್ರಿ ಮೆರವಣಿಗೆ ಮಾಡಿದರು. ಸೇತುವೆ ದಾಟಿ ಹೋದರೆ ಕಲ್ಲು, ಬಾಟಲಿ ಬಿದ್ದವು. 1968ರಲ್ಲಿ ಕಾನೂನು ಬಂತು. ಕೇರಿ ಕೇರಿಯಾಗೇ ಉಳಿಯಿತು.

ಕೆಲಸದ ಕತೆಯೂ ಅಷ್ಟೆ. ಎ.ಒ. ಸ್ಮಿತ್ ಕಂಪನಿಯ ಕಾರಿನ ಫ್ರೇಮಿನ ಕಾರ್ಖಾನೆ ಆ ಕಡೆಯ ಸಾವಿರಾರು ಸಂಸಾರಕ್ಕೆ ಅನ್ನ ಕೊಟ್ಟಿತ್ತು. 1997ರಲ್ಲಿ ಕಂಪನಿ ಅದನ್ನು ಮಾರಿತು. ಕೆಲವು ವರ್ಷಕ್ಕೆ ಬಾಗಿಲೂ ಬಿತ್ತು. ಈಗ ಅದೇ ಕಂಪನಿಯದು ನೀರಿನ ವ್ಯಾಪಾರ. ಫ್ರೇಮು ಬೆಸೆದ ಕೈಗಳಿಗೆ ಲ್ಯಾಬಿನಲ್ಲೇನು ಕೆಲಸ?

ಮಹಾಡಿನ ಚೌದಾರ್ ಕೆರೆಯಲ್ಲೂ ನೀರಿತ್ತು. ಮುನಿಸಿಪಾಲಿಟಿ ಠರಾವೂ ಇತ್ತು. ಆದರೂ 1927ರ ಮಾರ್ಚ್ 20ರಂದು ಬಾಬಾಸಾಹೇಬರು ಜನ ಕಟ್ಟಿಕೊಂಡು ಹೋಗಿ ಆ ನೀರು ಮುಟ್ಟಬೇಕಾಯಿತು. ನೀರಿದ್ದರೆ ಸಾಲದು, ವಿದ್ಯೆಯಿದ್ದರೂ ಸಾಲದು. ಕೇಳುವವರು ಬೇಕು. ಮಿಲ್ವಾಕಿಯ ಜನ ಸಂಘಟನೆ ಕಟ್ಟಿ ಕೇಳಿದರು. 2024ರ ಅಕ್ಟೋಬರಿನಲ್ಲಿ ಅಮೆರಿಕದ ಅಧ್ಯಕ್ಷರೇ ಆ ಊರಿಗೆ ಬಂದು, ದೇಶದ ಸೀಸದ ಪೈಪುಗಳನ್ನು ಹತ್ತು ವರ್ಷದಲ್ಲಿ ಕೀಳಬೇಕೆಂಬ ನಿಯಮ ಸಾರಿದರು.

ಕೆಮಿಸ್ಟ್ರಿ, ಸಿವಿಲ್ ಓದುತ್ತಿರುವ ಗೆಳೆಯರೇ, ನೀರಿನ ವಿದ್ಯೆಯೊಳಕ್ಕೆ ನಾವೂ ನುಗ್ಗಬೇಕು. ಆದರೆ ಲ್ಯಾಬಿನ ಮೇಜಿನ ಮೇಲೆ ನೀವಿಡುವ ಮೊದಲ ಬಾಟಲಿ ನಮ್ಮ ಕೇರಿಯ ನಲ್ಲಿಯದಾಗಿರಲಿ.