ಡೇರೆ ನಿರಪರಾಧಿಯೇ?

ಹೆಪ್ಪುಗಟ್ಟಿದ ಸರೋವರದ ಮೇಲೆ ಕುಳಿತು ಮೀನು ಹಿಡಿಯಲು ಯಾವ ಡೇರೆ ಉತ್ತಮವೆಂಬ ಚರ್ಚೆ ಅಮೆರಿಕದ ಮಿನ್ನೆಸೋಟದಲ್ಲಿ ಪ್ರತಿ ಚಳಿಗಾಲವೂ ನಡೆಯುತ್ತದೆ. ಜಾರುಬಂಡಿಯಲ್ಲೇ ಮಡಚಿಟ್ಟು ತಲೆಯ ಮೇಲೆ ಎಳೆದುಕೊಳ್ಳುವ ಡೇರೆ ಒಬ್ಬಿಬ್ಬರಿಗೆ. ಕೊಡೆಯಂತೆ ಬಿಚ್ಚಿಕೊಳ್ಳುವುದು ಬಳಗಕ್ಕೆ. ಒಳಪದರವುಳ್ಳದ್ದು ಭಾರ, ಆದರೆ ಬೆಚ್ಚಗೆ. ಈ ಲೆಕ್ಕವೆಲ್ಲ ಮೇಲೆ ಕುಳಿತವನ ಸುಖದ್ದು. ರಂಧ್ರದ ಕೆಳಗಿನ ಜೀವ ಅದರಲ್ಲಿ ಸೇರಿಲ್ಲ.

“ಕೊಲ್ಲುವುದು ಗಾಳ, ಡೇರೆಯಲ್ಲ” ಎನ್ನುವವರುಂಟು. ಈ ವಾದ ನಿಲ್ಲದು. ಚಳಿಯೇ ಬೇಟೆಯ ಹೊತ್ತಿಗೆ ಮಿತಿ ಹಾಕುತ್ತಿತ್ತು. ಡೇರೆ ಆ ಮಿತಿಯನ್ನು ಕಿತ್ತೊಗೆಯುತ್ತದೆ. ಬೇರೆ ಆಹಾರವಿಲ್ಲದೆ ಮೀನನ್ನೇ ನಂಬಿ ಬದುಕಿದ ಹಿಮಪ್ರದೇಶದವರ ಮಾತು ಬೇರೆ. ವಿನೋದಕ್ಕಾಗಿ ಕೊಲ್ಲುವುದು ಸಂಕಲ್ಪೀ ಹಿಂಸೆ. ಹಿಂಸೆಗೆ ಸಾಧನ ಒದಗಿಸುವುದು ಹಿಂಸಾದಾನ, ದಾರಿ ಹೇಳಿಕೊಡುವುದು ಪಾಪೋಪದೇಶ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಎರಡನ್ನೂ ಅನರ್ಥದಂಡಗಳಲ್ಲಿ ಎಣಿಸಿದೆ.

ಆದುದರಿಂದ ಯಾವ ಡೇರೆಯೆಂದು ಮಿತ್ರರು ಕೇಳಿದಾಗ ಶ್ರಾವಕನು ಆಯ್ಕೆ ಸೂಚಿಸದಿರಲಿ. ಒಂದು ಎಚ್ಚರಿಕೆಯನ್ನು ಮಾತ್ರ ತಪ್ಪದೆ ಹೇಳಲಿ: ಅನಿಲದ ಒಲೆ ಉರಿಸುವ ಡೇರೆಯಲ್ಲಿ ಗಾಳಿಕಿಂಡಿ ತೆರೆದಿರಬೇಕು, ಇಲ್ಲವಾದರೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗಿದ್ದವನ ಪ್ರಾಣವನ್ನೇ ತೆಗೆದೀತು. ಇದು ಪಾಪೋಪದೇಶವಲ್ಲ, ಅಭಯದಾನ. ಅದೇ ಅಭಯವನ್ನು ಕೆಳಗಿನ ಮೀನಿಗೂ ನೀಡೆಂದು ಕೇಳುವ ಧೈರ್ಯವೂ ಅವನಿಗಿರಲಿ.